ಮೂರು ಹಲ್ಲಿನ ಪ್ಲಗ್ಗು

ನಮ್ಮ ದೊಡ್ಡಪ್ಪ ತಮ್ಮ ಅರವತ್ತೆರಡು ವರ್ಷದ ಬಾಳಿನಲ್ಲಿ ಒಂದಕ್ಕೊಂದು ಕೂಡುವ ಎರಡು ವಸ್ತುಗಳನ್ನು ಮನೆಗೆ ತಂದವರೇ ಅಲ್ಲ. ಇದು ಸಿಟ್ಟಿನಿಂದ ಹೇಳುವ ಮಾತಲ್ಲ, ಎಣಿಸಿ ಹೇಳುವ ಮಾತು. ಹೋದ ವರ್ಷ ಯುಗಾದಿಗೆ ಅಟ್ಟ ಗುಡಿಸುವಾಗ ಪಟ್ಟಿ ಮಾಡಿದ್ದೆ. ಕೀಲಿಕೈ ಇಲ್ಲದ ಬೀಗ ಒಂಬತ್ತು. ಬೀಗ ಇಲ್ಲದ ಕೀಲಿಕೈ ಹದಿನಾಲ್ಕು. ಎಡಗಾಲಿನ ಬೂಟು ಮೂರು. ಗಡಿಯಾರವಿಲ್ಲದ ಲೋಲಕ ಒಂದು. ಕುದುರೆಯ ಜೀನು ಒಂದು. ಕುದುರೆ ಎಲ್ಲಿ ಎಂದು ಕೇಳುತ್ತೀರಾ? ನಮ್ಮ ಮನೆತನದಲ್ಲಿ ಯಾರೂ ಕುದುರೆಯ ಬಾಲ ಕೂಡ ಮುಟ್ಟಿದವರಲ್ಲ! ಆ ಜೀನಿನ ಮೇಲೆ ನಮ್ಮ ಬೆಕ್ಕು ಎರಡು ಸಲ ಮರಿ ಹಾಕಿದೆ, ಅಷ್ಟೇ ಅದರ ಸವಾರಿ.

ದೊಡ್ಡಪ್ಪನದು ಒಂದೇ ತತ್ವ. ಮೊದಲು ವಸ್ತು ಬರಲಿ, ಜೋಡಿ ಆಮೇಲೆ ತಾನಾಗಿ ಬರುತ್ತದೆ. ನಾನು ನಕ್ಕರೆ, "ಕಾಯ್ಬೇಕು ಮಾರಾಯ್ತಿ. ಎಲ್ಲದಕ್ಕೂ ಅದರ ಜೋಡಿ ಎಲ್ಲೋ ಒಂದು ಕಡೆ ಕಾಯ್ತಾ ಕೂತಿರ್ತದೆ" ಎನ್ನುತ್ತಿದ್ದರು.

ನರಸಿಂಹರಾಜಪುರದ ಪೇಟೆ ಬೀದಿಯಲ್ಲಿ ನಮ್ಮದು ಹಗ್ಗ, ಮೊಳೆ, ಲಾಟೀನಿನ ಅಂಗಡಿ. ನನಗೆ ಐದು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ನನ್ನನ್ನೂ ಅಕ್ಕನನ್ನೂ ಸಾಕಿದವರು ಈ ದೊಡ್ಡಪ್ಪ. ಹೆಂಡತಿ ಮೊದಲೇ ಹೋಗಿದ್ದಳು, ಮಕ್ಕಳಿರಲಿಲ್ಲ. ಲಾಟೀನಿನ ಗಾಜು ಕೇಳಿಕೊಂಡು ಬಂದವರ ಹತ್ತಿರ ಅವರು ಅಳತೆ ಕೇಳುತ್ತಿರಲಿಲ್ಲ. ತಗೊಂಡು ಹೋಗಿ, ಕೂಡುತ್ತದೆ ಎನ್ನುತ್ತಿದ್ದರು. ಸೀತೂರಿನ ರೈತರೊಬ್ಬರು ಒಂದೇ ಗಾಜು ಹಿಡಿದುಕೊಂಡು ನಾಲ್ಕು ಸಲ ವಾಪಸು ಬಂದು, ಐದನೆಯ ಸಲ ಬೇಸತ್ತು ಗಾಜಿಗೆ ತಕ್ಕ ಲಾಟೀನನ್ನೇ ಕೊಂಡು ಹೋದರು. ದೊಡ್ಡಪ್ಪ ಅದನ್ನು ವ್ಯಾಪಾರ ಎಂದು ಕರೆದರು. ಅವ್ವ ಬೇರೆ ಏನೋ ಕರೆದಳು.

ಅವ್ವನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವುದು ಅವಳ ಕಾಲದ ರೀತಿಯಲ್ಲ. ಹಾಗಾಗಿ ಅವಳು ಹೇಳಬೇಕಾದದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದಳು. ಕಂಬ ಕೇಳಿಸಿಕೊಳ್ಳುತ್ತಿತ್ತು. ದೊಡ್ಡಪ್ಪ ಕೇಳಿಸಿಕೊಂಡೂ ಕಂಬದ ಹಾಗೇ ನಿಂತಿರುತ್ತಿದ್ದರು. ಹದಿಮೂರು ವರ್ಷ ಒಂದೇ ಒಲೆಯ ಅನ್ನ ಉಂಡವರು, ಒಬ್ಬರಿಗೊಬ್ಬರು ಒಂದು ಮಾತು ಆಡಿದ್ದನ್ನು ನಾನು ಕಂಡಿರಲಿಲ್ಲ.

ಇನ್ನು ಅಕ್ಕ. ಅವಳನ್ನು ಕಮ್ಮರಡಿಗೆ ಕೊಟ್ಟು ಮದುವೆ ಮಾಡಿದವರು ದೊಡ್ಡಪ್ಪ. ಅವರು ಕೂಡಿಸಿದ್ದರಲ್ಲಿ ಕೂಡಿದ್ದು ಅದೊಂದು ಸಂಬಂಧ ಮಾತ್ರ ಎಂದು ಬೀದಿಯವರು ನಗುತ್ತಿದ್ದರು. ಆಮೇಲೆ ನಗುವುದನ್ನು ಬಿಟ್ಟರು. ಅಕ್ಕನ ಮೊದಲ ಕೂಸು ಹೆಣ್ಣು, ನಲವತ್ತು ದಿನ. ಅದರ ಮರುವರ್ಷದ್ದು ಗಂಡು, ಇಪ್ಪತ್ತಮೂರು ದಿನ. ಎರಡೂ ಮಳೆಗಾಲದಲ್ಲಿ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಹುಟ್ಟಿ, ಅದೇ ಕೋಣೆಯಲ್ಲಿ ಎದೆ ಕಟ್ಟಿ ಹೋದವು. ಎರಡಕ್ಕೂ ಬಟ್ಟೆ ಒಗೆದವಳು ನಾನು. ಕೊನೆಯ ದಿನದ ಬಟ್ಟೆಗಳನ್ನೂ ಒಗೆದೆ. ಯಾಕೆ ಒಗೆದೆನೋ ಗೊತ್ತಿಲ್ಲ.

ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗಿಸಲು ನಮ್ಮ ಕಡೆ ಒಂದೇ ಪದ್ಧತಿ. ಮಡಕೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಬಟ್ಟೆ ಹರಡುತ್ತೇವೆ. ಬಾಣಂತಿಗೂ ಬೆಚ್ಚಗಾಗಲಿ ಎಂದು ಅದನ್ನು ಕೋಣೆಯೊಳಗೇ ಇಟ್ಟು ಬಾಗಿಲು ಹಾಕುತ್ತೇವೆ. ಮೂರನೆಯ ಸಲ ಅಕ್ಕನಿಗೆ ಆರು ತಿಂಗಳಾದಾಗ ದೊಡ್ಡಪ್ಪ ಅವಳನ್ನು ತವರಿಗೆ ಕರೆತಂದು, ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಎಲ್ಲ ಕೇಳಿಸಿಕೊಂಡು, ನಾವು ಒಯ್ದಿದ್ದ ಹಳೆಯ ಕೂಸಿನ ಬಟ್ಟೆಯೊಂದನ್ನು ಮೂಸಿ ನೋಡಿ, ಎರಡೇ ಮಾತು ಹೇಳಿದರು. "ಹೊಗೆ ಬೇಡ. ತೇವ ಬೇಡ."

ನೋಡಿ, ಇದೆಂಥ ಔಷಧಿ! ಆಷಾಢದಲ್ಲಿ ನಮ್ಮೂರಿನಲ್ಲಿ ಹೊಗೆಯಿಲ್ಲದೆ ಬಟ್ಟೆ ಒಣಗುವುದುಂಟೆ? ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಬಟ್ಟೆಯೇ ಹೊಗೆ ಕುಡಿದು ಬರುತ್ತದೆ. ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಯಲ್ಲೂ ಕೆಂಡವೇ. ಹಜಾರದಲ್ಲಿ ಹರಡಿದರೆ ಮೂರು ದಿನಕ್ಕೆ ಬೂಸಲು ಹಿಡಿಯುತ್ತದೆಯೇ ಹೊರತು ಒಣಗುವುದಿಲ್ಲ.

ಅದೇ ವಾರ ಅಕ್ಕನ ಅತ್ತೆ ಕಮ್ಮರಡಿಯಿಂದ ಬಂದರು. ಕೆಟ್ಟವರಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು: "ಇದೂ ಹಂಗೇ ಆದ್ರೆ ನಮ್ಮ ಹುಡುಗನಿಗೆ ನಾವು ಬೇರೆ ಹೆಣ್ಣು ನೋಡ್ಬೇಕಾಗ್ತದೆ. ತಪ್ಪು ತಿಳ್ಕೋಬೇಡಿ."

ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ನಿಂತಿತು.

ದೊಡ್ಡಪ್ಪ, "ಈ ಸಲ ಕೂಸಿಗೆ ಹಸಿ ಬಟ್ಟೆ ಸೋಕೋದಿಲ್ಲ, ಹೊಗೆನೂ ಸೋಕೋದಿಲ್ಲ. ಮಾತು ಕೊಟ್ಟೆ" ಎಂದರು. ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಮಾತು ಮೊದಲು ಬಂದಿತ್ತು. ಅದರ ಜೋಡಿ ಆಮೇಲೆ ಬರಬೇಕಿತ್ತು.

ಅದು ಮೇ ತಿಂಗಳ ಒಂಬತ್ತನೆಯ ತಾರೀಖು ಎತ್ತಿನ ಗಾಡಿಯಲ್ಲಿ ಬಂತು! ಬಾಳೆಹೊನ್ನೂರಿನ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಬಂಗಲೆಯ ಸಾಮಾನು ಹರಾಜಿಗೆ ಬಂದಿತ್ತು. ದೊಡ್ಡಪ್ಪ ಬೆಳಿಗ್ಗೆ ಕಾಫಿ ಕುಡಿಯದೆ ಹೋದವರು ಸಂಜೆ ಗಾಡಿಯ ಹಿಂದೆ ನಡೆದುಕೊಂಡು ಬಂದರು. ಗಾಡಿಯ ಮೇಲೆ ಆಳೆತ್ತರದ, ಬಿಳಿ ಬಣ್ಣದ ತಗಡಿನ ಕಪಾಟು ಅಂಗಾತ ಮಲಗಿತ್ತು. ಬೀದಿಯವರು ಸುತ್ತ ಸೇರಿದರು. ಅವ್ವ ಬಾಗಿಲಿಗೆ ಬಂದು ನೋಡಿ, ಒಳಗೆ ಹೋಗಿ ಕಂಬಕ್ಕೆ ಹೇಳಿದಳು: "ದೊರೆಗಳು ಸತ್ತರೆ ಮಲಗಿಸೋ ಪೆಟ್ಟಿಗೆ ಇದು. ಬಸುರಿ ಇರೋ ಮನೆಗೆ ತಂದವರಿಗೆ ಬುದ್ಧಿ ಎಲ್ಲಿ ಅದೆ ಅಂತ ಕೇಳು."

ಪೆಟ್ಟಿಗೆಯಲ್ಲ, ಬಟ್ಟೆ ಒಣಗಿಸುವ ಯಂತ್ರ. ಒಳಗೆ ಆರು ಸರಳು, ತಳದಲ್ಲಿ ಸುರುಳಿ ಸುತ್ತಿದ ತಂತಿ. ಕರೆಂಟು ಹರಿದರೆ ತಂತಿ ಕೆಂಡದ ಹಾಗೆ ಕಾಯುತ್ತದೆ. ಹೊಗೆ ಇಲ್ಲ. ಅರ್ಧ ಗಂಟೆಯಲ್ಲಿ ಬಟ್ಟೆ ಗರಿಗರಿ. ದೊರೆಯ ಅಡುಗೆಯವನು ದೊಡ್ಡಪ್ಪನಿಗೆ ಕಣ್ಣಾರೆ ತೋರಿಸಿದ್ದನಂತೆ. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು ಅದರ ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಏನೋ ಒಂದು ಕಂಡಿತು. ಅದಕ್ಕೇ ನಾನು ಆ ದಿನ ನಗಲಿಲ್ಲ.

ನನಗೂ ಒಂದು ಉಡುಗೊರೆ ಇತ್ತು. ದೊರೆ ಬರೆಯದೆ ಉಳಿಸಿದ್ದ, ಚರ್ಮದ ಹೊದಿಕೆಯ ಎರಡು ಡೈರಿಗಳು. ಎರಡೂ ೧೯೩೮ನೆಯ ಇಸವಿಯವು! ಹತ್ತು ವರ್ಷದ ಹಿಂದಿನವು! ತಾರೀಖು ಸರಿ, ವಾರ ತಪ್ಪು. ಭಾನುವಾರ ಇರುವಲ್ಲಿ ಸೋಮವಾರ ಅಚ್ಚಾಗಿತ್ತು. ಡೈರಿ ಯಾವಾಗಲೂ ಒಂದು ದಿನ ಮುಂದೆ. "ಒಂದು ದಿನ ಮುಂದಿದ್ರೆ ಒಳ್ಳೇದೇ ಅಲ್ಲೇನೇ?" ಎಂದರು ದೊಡ್ಡಪ್ಪ. ನಾನು ಅಂದಿನಿಂದ ಪ್ರತಿದಿನ ಅಚ್ಚಾದ ವಾರವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದ ವಾರ ಬರೆದು, ಆಮೇಲೆ ದಿನದ ಲೆಕ್ಕ ಬರೆಯುತ್ತಿದ್ದೆ. ನಾನು ಈಗ ಇಷ್ಟು ಖಚಿತವಾಗಿ ಹೇಳುತ್ತಿರುವುದು ಆ ಡೈರಿಯ ಬಲದಿಂದ.

ಮರುದಿನ ಯಂತ್ರವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ನಮ್ಮ ಬೀದಿಗೆ ಕರೆಂಟು ಬಂದು ಆಗ ಎರಡು ವರ್ಷ. ನಮ್ಮ ಮನೆಯಲ್ಲಿ ಮೂರು ದೀಪ. ಜೊತೆಗೆ ನಡುಮನೆಯ ಗೋಡೆಯಲ್ಲಿ ಎರಡು ತೂತಿನ ಒಂದು ಸಾಕೆಟ್ಟು. ಅದಕ್ಕೆ ಸಿಕ್ಕಿಸಲು ಮನೆಯಲ್ಲಿ ಏನೂ ಇರಲಿಲ್ಲ. ಇರಲಿ, ಏನಾದರೂ ಬರುತ್ತದೆ ಎಂದು ದೊಡ್ಡಪ್ಪನೇ ಹಾಕಿಸಿದ್ದರು. ಎರಡು ವರ್ಷದಿಂದ ಆ ಸಾಕೆಟ್ಟು ಎರಡು ಕಣ್ಣು ಬಿಟ್ಟುಕೊಂಡು ಕಾಯುತ್ತಿತ್ತು. ಕೊನೆಗೂ ಜೋಡಿ ಬಂತು ಎಂದು ದೊಡ್ಡಪ್ಪ ವಿಭೂತಿ ಹಚ್ಚಿಕೊಂಡು, ಯಂತ್ರದ ಹೆಬ್ಬೆರಳು ದಪ್ಪದ ಹುರಿಯನ್ನು ಬಿಚ್ಚಿದರು. ತುದಿಯಲ್ಲಿ ಪ್ಲಗ್ಗು. ಪ್ಲಗ್ಗಿಗೆ ಮೂರು ಹಲ್ಲು. ಒಂದೊಂದೂ ನನ್ನ ಕಿರುಬೆರಳಿನಷ್ಟು ದಪ್ಪ!

ದೊಡ್ಡಪ್ಪ ಪ್ಲಗ್ಗನ್ನು ನೋಡಿದರು. ಗೋಡೆಯನ್ನು ನೋಡಿದರು. ಮತ್ತೆ ಪ್ಲಗ್ಗನ್ನು ನೋಡಿದರು.

ಅವ್ವ ಕಂಬಕ್ಕೆ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಪ್ಲಗ್ಗಿಗೆ ತಕ್ಕ ಸಾಕೆಟ್ಟು ತರಬೇಕು ಎಂದಾಯಿತು. ಅದಕ್ಕೆ ಅಳತೆ ಬೇಕು. ಪ್ಲಗ್ಗನ್ನೇ ಕತ್ತರಿಸಿ ಒಯ್ಯೋಣವೆಂದರೆ ಹುರಿ ಕತ್ತರಿಸಲು ಅವರಿಗೆ ಮನಸ್ಸಿಲ್ಲ. ಬಳ್ಳಿ ಕತ್ತರಿಸಿದರೆ ಕಾಯಿಗೆ ಜೀವ ಎಲ್ಲಿಂದ ಎಂದರು. ನಮ್ಮ ಕಡೆಯವರಿಗೆ ಊಟಕ್ಕೂ ಅಡಿಕೆ ಮರದಿಂದ ಉದುರುವ ಹಾಳೆ, ಟೋಪಿಗೂ ಹಾಳೆ, ಅಳತೆಗೂ ಹಾಳೆ. ದೊಡ್ಡಪ್ಪ ಒಂದು ಹಸಿ ಅಡಿಕೆ ಹಾಳೆ ತಂದು, ಪ್ಲಗ್ಗಿನ ಹಲ್ಲುಗಳನ್ನು ಅದರ ಮೇಲೆ ಒತ್ತಿ, ಅಚ್ಚು ಬಿದ್ದಲ್ಲಿ ಚಾಕುವಿನಿಂದ ಮೂರು ತೂತು ಕೊರೆದರು. ಹಲ್ಲು ತೂತಿಗೆ ಸರಿಯಾಗಿ ಕೂತಿತು. ನಾನೇ ನೋಡಿದ್ದೇನೆ. ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಅವರು ಮೋಟಾರು ಬಸ್ಸು ಹತ್ತಿದರು. ಕೊಪ್ಪದಲ್ಲಿ ಎರಡು ಅಂಗಡಿ, ಸಿಗಲಿಲ್ಲ. ಶೃಂಗೇರಿಗೆ ಹೋದರು. ಒಬ್ಬ ಅಂಗಡಿಯವನು ಕಿಗ್ಗದ ಕಡೆಯ ಯಾರ ಮನೆಯಲ್ಲೋ ಇದೆಯೆಂದ. ಅಲ್ಲಿಗೂ ಹೋದರು, ಅಲ್ಲಿ ಕರೆಂಟೇ ಇರಲಿಲ್ಲ. ತಿರುಗಿ ಶೃಂಗೇರಿ. ಐದನೆಯ ದಿನ ಯಾರದೋ ಹಳೆಯ ಸಾಮಾನಿನ ರಾಶಿಯಲ್ಲಿ ಮೂರು ತೂತಿನ ಸಾಕೆಟ್ಟು ಸಿಕ್ಕಿತು. ಹಾಳೆಯನ್ನು ಅದರ ಮೇಲಿಟ್ಟು ನೋಡಿದರೆ ತೂತಿಗೆ ತೂತು ಸರಿಯಾಗಿ ಕೂಡಿತು!

ಮೇ ಹದಿನೇಳರಂದು ಮನೆಗೆ ಬಂದು ಪ್ಲಗ್ಗು ಒತ್ತಿದರು. ಹೋಗಲಿಲ್ಲ. ಮೂರು ತೂತು ಹೌದು, ಆಕಾರವೂ ಅದೇ ಹೌದು, ಆದರೆ ದಪ್ಪ ಹಲ್ಲಿಗೆ ತೂತು ಸಣ್ಣದು. ಬಡಿದರೂ ಹೋಗಲಿಲ್ಲ. ನಾನು ಹಾಳೆ ತೆಗೆದು ಪ್ಲಗ್ಗಿಗೆ ಹಿಡಿದೆ. ಹಾಳೆಯ ತೂತಿಗೂ ಹೋಗಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ, ಮೋಟಾರಿನ ಕಾವಿನಲ್ಲಿ ಐದು ದಿನ ಸುತ್ತಿದ ಹಸಿ ಹಾಳೆ ಒಣಗಿ, ಮುರುಟಿ, ಸಣ್ಣದಾಗಿತ್ತು. ಹಾಳೆ ಒಣಗಿದರೆ ಕುಗ್ಗುತ್ತದೆಂದು ನಮ್ಮೂರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಗೊತ್ತಿದ್ದೂ ನನಗೂ ಹೊಳೆಯಲಿಲ್ಲ. ಬಟ್ಟೆ ಒಣಗಿಸುವ ಯಂತ್ರದ ಕೆಲಸ ಒಣಗಿದ ಹಾಳೆಯಿಂದ ಕೆಟ್ಟಿತು.

ಜೂನ್ ಎರಡಕ್ಕೆ ಲೈನ್‌ಮನ್ ಬಂದ. ಯಂತ್ರದ ಬೆನ್ನಿನ ಹಿತ್ತಾಳೆ ತಗಡು ಓದಿ, ನಮ್ಮ ಕರೆಂಟಿಗೆ ಇದು ಆಗುತ್ತದೆ ಎಂದ. ದೊಡ್ಡಪ್ಪ ಅರಳಿದರು. ಆಮೇಲೆ ಅವನು ಗೋಡೆ ತಟ್ಟಿ, "ಯಜಮಾನ್ರೇ, ಇದು ಬರೀ ಬಾಯಿ ಕೂಡಿಸೋ ವಿಷಯ ಅಲ್ಲ. ಗೋಡೆ ಒಳಗಿರೋದು ದೀಪದ ತಂತಿ. ಈ ರಾಕ್ಷಸನಿಗೆ ಅದು ಸಾಲೋದಿಲ್ಲ, ಸುಟ್ಟು ಹೋಗ್ತದೆ" ಎಂದ. ದೀಪಕ್ಕೆ ಕೊಡುವ ಕರೆಂಟೇ ಬೇರೆ, ಕಾಯಿಸುವುದಕ್ಕೆ ಕೊಡುವ ಹೀಟಿಂಗ್ ಕರೆಂಟೇ ಬೇರೆ. ಬೇರೆ ಮೀಟರು, ದಪ್ಪ ತಂತಿ, ದೊಡ್ಡ ಸಾಕೆಟ್ಟು ಬೇಕು. ಕಚೇರಿಗೆ ಅರ್ಜಿ ಹಾಕಬೇಕು. ಮೂರನೆಯ ಹಲ್ಲಿನ ತಂತಿಯನ್ನು ಹಿತ್ತಲಲ್ಲಿ ಗುಂಡಿ ತೆಗೆದು, ಇದ್ದಿಲು ಮತ್ತು ಉಪ್ಪು ತುಂಬಿ ನೆಲಕ್ಕೆ ಇಳಿಸಬೇಕು.

ಅರ್ಜಿ ನಾನು ಬರೆದೆ. ಮಂಜೂರಾಗುವ ಮೊದಲೇ ದೊಡ್ಡಪ್ಪ ಗುಂಡಿ ತೋಡಿದರು. ಲೈನ್‌ಮನ್ ಮೂರು ಸೇರು ಉಪ್ಪು ಹೇಳಿದ್ದರೆ ಇವರು ಹನ್ನೊಂದು ಸೇರು ಸುರಿದರು. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮೇಲೊಂದು ಕಲ್ಲು. ಅವ್ವ ಕಂಬಕ್ಕೆ, "ಮಿಡಿ ಉಪ್ಪಿನಕಾಯಿ ಗೊತ್ತು. ಕರೆಂಟಿನ ಉಪ್ಪಿನಕಾಯಿ ಇವತ್ತು ನೋಡಿದೆ" ಎಂದಳು. ಅಕ್ಕ ನಕ್ಕಳು. ಆ ವರ್ಷ ಅವಳು ನಕ್ಕ ಲೆಕ್ಕ ನನ್ನ ಡೈರಿಯಲ್ಲಿದೆ, ನಾಲ್ಕು. ಇದು ಎರಡನೆಯದು.

ಮಳೆ ಹಿಡಿಯಿತು. ಜುಲೈ ಮೂರಕ್ಕೆ ಕಚೇರಿಯಿಂದ ಉತ್ತರ ಬಂತು. ಮಳೆಗಾಲ ಮುಗಿದ ನಂತರ ಪರಿಶೀಲಿಸಲಾಗುವುದಂತೆ. ಮಳೆಗಾಲಕ್ಕಾಗಿ ಕೇಳಿದ್ದನ್ನು ಮಳೆಗಾಲ ಮುಗಿದ ಮೇಲೆ ಕೊಡುತ್ತಾರಂತೆ! ದೊಡ್ಡಪ್ಪ ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದರು. ನಾಲ್ಕನೆಯ ಸಲ ಓದಿದರೆ ಬೇರೆ ಉತ್ತರ ಬರಬಹುದು ಎನ್ನುವ ಹಾಗೆ ನನ್ನ ಮುಖ ನೋಡುತ್ತಾ ಕೂತಿದ್ದರು.

ಜುಲೈ ಒಂಬತ್ತರಂದು ಕೂಸು ಹುಟ್ಟಿತು. ಹೆಣ್ಣು. ಹುಟ್ಟಿದ ಕೂಸಿಗೆ ನಮ್ಮಲ್ಲಿ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಹಿರಿಯರು ಉಟ್ಟು ಉಟ್ಟು ಮೆತ್ತಗಾದ ಬಟ್ಟೆಯನ್ನು ಹರಿದು ಸುತ್ತುತ್ತೇವೆ, ಅವರ ಆಯುಸ್ಸು ಇದಕ್ಕೂ ಬರಲಿ ಎಂದು. ಅವ್ವ ದೊಡ್ಡಪ್ಪನ ಹಳೆಯ ಪಂಚೆಗಳನ್ನೆಲ್ಲ ಹರಿದು ಇಪ್ಪತ್ತಾರು ಬಟ್ಟೆ ಮಾಡಿದಳು. ನಾನು ಒಂದೊಂದರ ಮೂಲೆಯಲ್ಲೂ ಕೆಂಪು ದಾರದಿಂದ ಸಂಖ್ಯೆ ಹೊಲಿದೆ, ಒಂದರಿಂದ ಇಪ್ಪತ್ತಾರರವರೆಗೆ. ಎಷ್ಟು ಒಗೆದೆ, ಎಷ್ಟು ಒಣಗಿತು ಎಂಬ ಲೆಕ್ಕ ತಪ್ಪಬಾರದಲ್ಲ. ಮೊದಲ ವಾರದ ಲೆಕ್ಕ ಹೀಗಿದೆ: ದಿನಕ್ಕೆ ಒಗೆದದ್ದು ಹದಿನೆಂಟು, ಇಪ್ಪತ್ತು. ಒಣಗಿದ್ದು ಮೂರು, ನಾಲ್ಕು. ಉಳಿದವು ಅರೆ ಹಸಿ. ಆರನೆಯ ದಿನ ಕೂಸು ಸೀನಿತು. ಅಕ್ಕ ನನ್ನ ಮುಖ ನೋಡಿದಳು. ನಾನು ಕೆಳಗೆ ನೋಡಿದೆ.

ಏಳನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಚಾಕು ತೆಗೆದುಕೊಂಡು, ತಾವು ಕತ್ತರಿಸುವುದಿಲ್ಲ ಎಂದಿದ್ದ ಹುರಿಯನ್ನು ಕತ್ತರಿಸಿದರು. ಪ್ಲಗ್ಗು ಕೆಳಗೆ ಬಿತ್ತು. ಎರಡು ತಂತಿಗಳ ತುದಿ ಹೆರೆದು, ಗೋಡೆಯ ಹಳೆಯ ಎರಡು ಕಣ್ಣಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡಿದರು. ನಾನು ನಾಲ್ಕು ಬಟ್ಟೆ ಸರಳಿಗೆ ಹಾಕಿದೆ. ದೊಡ್ಡಪ್ಪ ಯಂತ್ರದ ಸ್ವಿಚ್ಚು ಒತ್ತಿದರು. ತಂತಿಯ ಸುರುಳಿ ಕೆಂಪಾಯಿತು! ನಿಜವಾಗಿ ಕೆಂಪಾಯಿತು. ಬಾಗಿಲ ಸಂದಿಯಿಂದ ಬಿಸಿ ನನ್ನ ಮುಖಕ್ಕೆ ಬಡಿಯಿತು. ನಾನು ಎಣಿಸುತ್ತಿದ್ದೆ. ಹತ್ತೊಂಬತ್ತಕ್ಕೆ ಫ್ಯೂಸು ಹೋಯಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ದೊಡ್ಡಪ್ಪ ಅಂಗಡಿಗೆ ಹೋಗಿ ದಪ್ಪನೆಯ ಹಿತ್ತಾಳೆ ತಂತಿ ತಂದು ಫ್ಯೂಸಿಗೆ ಕಟ್ಟಿದರು. ಈ ಸಲ ಫ್ಯೂಸು ಹೋಗಲಿಲ್ಲ. ಗೋಡೆಯೇ ಹೋಯಿತು. ಸಾಕೆಟ್ಟು ಉರಿದು, ಒಳಗಿನ ತಂತಿ ಸುಟ್ಟು, ಕಪ್ಪು ಹೊಗೆ ಚಾವಣಿ ಹಿಡಿದುಕೊಂಡು ನೇರವಾಗಿ ಬಾಣಂತಿ ಕೋಣೆಗೆ ನುಗ್ಗಿತು. ಮನೆಯಲ್ಲಿ ಯಾವುದು ಬರಬಾರದು ಎಂದು ಎರಡು ತಿಂಗಳು ಒದ್ದಾಡಿದ್ದೆವೋ ಅದೇ! ಅಕ್ಕ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಳೆಯಲ್ಲೇ ಎದುರು ಮನೆಗೆ ಓಡಿದಳು. ಕೂಸು ಸಂಜೆಯವರೆಗೆ ಕೆಮ್ಮಿತು. ಲೈನ್‌ಮನ್ ಬಂದು ಬೈಯಲಿಲ್ಲ. ಸುಮ್ಮನೆ ಬೀದಿಯ ಕರೆಂಟು ಕಂಬ ಹತ್ತಿ, ನಮ್ಮ ಮನೆಯ ತಂತಿಯನ್ನೇ ಕಳಚಿ ಇಳಿದ. ಮೂರು ದೀಪವೂ ಹೋಯಿತು. ಅಂಗಡಿಯಿಂದ ಲಾಟೀನು ತಂದೆವು. ಗಾಜು ಕೂಡಲಿಲ್ಲ.

ದೊಡ್ಡಪ್ಪ ಎರಡು ದಿನ ಅಂಗಡಿಯ ಬಾಗಿಲನ್ನೇ ತೆರೆಯಲಿಲ್ಲ. ಮೂರನೆಯ ದಿನದಿಂದ ಅವರಿಗೆ ವಿಪರೀತ ಭಕ್ತಿ ಬಂತು. ಮೊದಲು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಲಿಂಗಪೂಜೆ ಈಗ ಮಧ್ಯಾಹ್ನದವರೆಗೆ! ಜಗಲಿಯ ಮಣೆಯ ಮೇಲೆ, ಅಂಗೈಯಲ್ಲಿ ಲಿಂಗ, ಮೈಮೇಲೆ ದಪ್ಪ ಕಂಬಳಿ, ಕೂತರೆ ಏಳುವ ಮಾತಿಲ್ಲ. ಊಟ ಮಾಡಿ ಮತ್ತೆ ಕಂಬಳಿ ಹೊದ್ದು ಜಗಲಿಯಲ್ಲಿ ಶತಪಥ. ಪಾಪ, ಯಂತ್ರ ಸುಟ್ಟ ಮೇಲೆ ಶಿವನ ನೆನಪಾಯಿತು ಎಂದು ಅವ್ವ ಕಂಬಕ್ಕೆ ಹೇಳಿದಳು. ನಾನೂ ಹಾಗೇ ಅಂದುಕೊಂಡೆ.

ಆದರೆ ನನ್ನ ಲೆಕ್ಕ ತಪ್ಪಲು ಶುರುವಾಯಿತು. ಹಜಾರದ ಹಗ್ಗಕ್ಕೆ ಇಪ್ಪತ್ತು ಹಾಕಿದ್ದರೆ ಬೆಳಿಗ್ಗೆ ಹನ್ನೆರಡು ಇರುತ್ತಿತ್ತು. ಎಂಟು ಕಾಣೆ. ಸಂಜೆಗೆ ನೋಡಿದರೆ ಆ ಎಂಟೂ ಮಡಿಸಿ ಬುಟ್ಟಿಯಲ್ಲಿ, ಒಣಗಿ, ಇನ್ನೂ ಬೆಚ್ಚಗೆ! ಹೊಗೆಯ ವಾಸನೆ ಇಲ್ಲ. ಒಂದಿಷ್ಟು ವಿಭೂತಿಯ ವಾಸನೆ ಇತ್ತು. ಅಕ್ಕನನ್ನು ಕೇಳಿದೆ, ಅವ್ವನನ್ನು ಕೇಳಿದೆ, ಎದುರು ಮನೆಯವರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ. ಡೈರಿಯಲ್ಲಿ ಹತ್ತು ದಿನ "ಎಂಟು, ಹೇಗೋ ಒಣಗಿದವು" ಎಂದೇ ಬರೆದೆ. ಲೆಕ್ಕ ಇಡುವವಳಿಗೆ ಇದಕ್ಕಿಂತ ಅವಮಾನ ಇದೆಯೇ?

ಜುಲೈ ಇಪ್ಪತ್ತೇಳು. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ದೊಡ್ಡಪ್ಪ ಮಣೆಯಿಂದ ಏಳುವಾಗ ಕಂಬಳಿ ಜಾರಿತು. ಅಂಗಿಯ ಕೆಳಗಿನಿಂದ ಒಂದು ಬಿಳಿ ತುದಿ ಇಣುಕಿತು. ಅದರ ಮೂಲೆಯಲ್ಲಿ ಕೆಂಪು ದಾರದಲ್ಲಿ ನಾನು ಹೊಲಿದ ಹದಿನಾಲ್ಕು!

ಎದೆಗೆ ಮೂರು, ಹೊಟ್ಟೆಗೆ ಮೂರು, ಎರಡು ತೋಳಿಗೆ ಒಂದೊಂದು. ಹಸಿ ಬಟ್ಟೆಗಳನ್ನು ಬರೀ ಮೈಗೆ ಬಿಗಿಯಾಗಿ ಸುತ್ತಿಕೊಂಡು, ಮೇಲೆ ಅಂಗಿ ತೊಟ್ಟು, ಅದರ ಮೇಲೆ ಕಂಬಳಿ ಹೊದ್ದಿದ್ದರು. ಅವರ ತುಟಿ ನೀಲಿಯಾಗಿತ್ತು.

"ಎಂತ ದೊಡ್ಡಪ್ಪ ಇದು?" ಎಂದೆ.

"ಎಂತ ಅಂದ್ರೆ? ನಂದೇ ಪಂಚೆ. ನನ್ನ ಪಂಚೆ ನಾನು ಸುತ್ಕೊಂಡ್ರೆ ಎಂತ ತಪ್ಪು?"

ಆಮೇಲೆ ದನಿ ತಗ್ಗಿಸಿ, "ನಿನ್ನ ಆ ಬುಕ್ಕಿನಲ್ಲಿ ಬರೀಬೇಡ ಮಾರಾಯ್ತಿ. ಅಕ್ಕನಿಗೆ ಹೇಳ್ಬೇಡ" ಎಂದರು.

ನಾನು ಹೇಳಲಿಲ್ಲ. ಇಲ್ಲಿ ನಾನು ನನ್ನ ಬಗ್ಗೆಯೂ ಒಂದು ಮಾತು ಬರೆಯಬೇಕು. ಅವ್ವನಿಗೆ ಹೇಳಿದ್ದರೆ ಅಂದೇ ನಿಲ್ಲುತ್ತಿತ್ತು. ಮಳೆಯಲ್ಲಿ, ಆ ವಯಸ್ಸಿನಲ್ಲಿ, ಬರೀ ಮೈಗೆ ಹಸಿ ಬಟ್ಟೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಆದರೆ ಕೂಸು ಮತ್ತೆ ಸೀನಿರಲಿಲ್ಲ, ಕೆಮ್ಮಿರಲಿಲ್ಲ. ಇಪ್ಪತ್ತಮೂರನೆಯ ದಿನ ಇನ್ನೂ ನಾಲ್ಕು ದಿನ ದೂರವಿತ್ತು. ನಾನು ಮರುದಿನದಿಂದ ಅವರಿಗಾಗಿ ತೆಳ್ಳಗಿನ ಎಂಟು ಬಟ್ಟೆ ಆರಿಸಿ, ಚೆನ್ನಾಗಿ ಹಿಂಡಿ, ಮಣೆಯ ಪಕ್ಕದಲ್ಲಿ ಇಡತೊಡಗಿದೆ. ನಾನು ಮಾಡಿದ್ದು ಅಷ್ಟೇ.

ಇಪ್ಪತ್ತಮೂರನೆಯ ದಿನ ಬಂತು, ಹೋಯಿತು. ಆ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಗಸ್ಟ್ ಹದಿನೇಳು, ನಲವತ್ತನೆಯ ದಿನ. ಅದೂ ಹೋಯಿತು. ಸಂಜೆ ಕೂಸು ಅಕ್ಕನ ಮೂಗು ಹಿಡಿಯಿತು. ಅಕ್ಕ ನಕ್ಕಳು. ಮೂರನೆಯದು. ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿ, ಕೆಮ್ಮು ಬಂದದ್ದಕ್ಕೆ ಜಗಲಿಗೆ ಹೋದರು. ಆಗಸ್ಟ್ ಇಪ್ಪತ್ತೈದರವರೆಗೆ ನಿಲ್ಲಿಸಲಿಲ್ಲ. ಇಪ್ಪತ್ತಾರಕ್ಕೆ ಜ್ವರ ಬಂದು ಮಲಗಿದರು. ಇಪ್ಪತ್ತೆಂಟಕ್ಕೆ ಬಿಸಿಲು ಬಂತು. ಅದೂ ಜೋಡಿ ಕೂಡಲಿಲ್ಲ.

ಎದೆ ಹಿಡಿದಿದೆ ಎಂದರು ಡಾಕ್ಟರು. ಎರಡು ತಿಂಗಳು ಎದ್ದರು, ಬಿದ್ದರು. ಎದ್ದ ದಿನ ಅಂಗಡಿಗೆ ಹೋಗಿ ಯಾರಿಗೋ ಕೂಡದ ಬೀಗ ಕೊಟ್ಟು ಬರುತ್ತಿದ್ದರು. ಬಿದ್ದ ದಿನ ಕಚೇರಿಯಿಂದ ಕಾಗದ ಬಂತಾ ಎಂದು ಕೇಳುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಗಂಜಿ ತಂದಳು. ಅಷ್ಟು ಹೊತ್ತಿಗೆ ಅವಳಿಗೂ ಅಕ್ಕನಿಗೂ ಎಲ್ಲ ಗೊತ್ತಾಗಿತ್ತು. ಕಂಬದ ಪಕ್ಕದಲ್ಲೇ ಹಾದು ಬಂದಳು, ಅದರ ಕಡೆ ನೋಡಲಿಲ್ಲ. ಹಾಸಿಗೆಯ ಹತ್ತಿರ ಕೂತು, "ಭಾವ, ಒಂದು ಗುಟುಕು ಕುಡೀರಿ" ಎಂದಳು.

ದೊಡ್ಡಪ್ಪ ಕುಡಿದರು. ನವೆಂಬರ್ ಹನ್ನೊಂದರಂದು ಹೋದರು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯನ್ನು ಸತ್ತವರ ಪಾದದ ಅಳತೆಯಿಂದಲೇ ಅಳೆಯುತ್ತಾರೆ, ಹಾಳೆಯಿಂದಲ್ಲ. ಹಾಗಾಗಿ ಸರಿಯಾಗಿ ಕೂಡಿತು. ಅವರ ಬಾಳಿನಲ್ಲಿ ಅಳತೆಗೆ ಕೂಡಿದ ಮೊದಲ ವಸ್ತು ಅದು ಎಂದು ಬೀದಿಯ ಹಿರಿಯರೊಬ್ಬರು ಹೇಳಿ, ಹೇಳಿದ್ದಕ್ಕೆ ತಾವೇ ಅತ್ತರು.

ಡಿಸೆಂಬರಿನ ಕೊನೆಯ ವಾರ ಹೀಟಿಂಗ್ ಮಂಜೂರಾಯಿತು. ಲೈನ್‌ಮನ್ ಬಂದು ದಪ್ಪ ತಂತಿ ಎಳೆದ, ಉಪ್ಪಿನ ಗುಂಡಿ ಅಗೆದು ನೋಡಿ ಇಷ್ಟು ಒಳ್ಳೆಯ ಗುಂಡಿ ಜಿಲ್ಲೆಯಲ್ಲೇ ಇಲ್ಲ ಎಂದ. ಕತ್ತರಿಸಿದ್ದ ಪ್ಲಗ್ಗನ್ನು ಹುರಿಗೆ ಮತ್ತೆ ಸೇರಿಸಿದ. ಹೊಸ ಸಾಕೆಟ್ಟು ಕೂರಿಸಿದ.

ಈ ವರ್ಷದ ಮೊದಲ ದಿನ ಅಕ್ಕನ ಅತ್ತೆ ಬಂದರು. ಕೂಸನ್ನು ಎತ್ತಿಕೊಂಡವರು ಇಳಿಸಲೇ ಇಲ್ಲ. ಅಕ್ಕ ಮಧ್ಯಾಹ್ನದ ಮೋಟಾರಿಗೆ ಹೊರಡಬೇಕಿತ್ತು. ಹೊರಗೆ ಹಪ್ಪಳ ಒಣಗುವಂಥ ಬಿಸಿಲು. ಆದರೂ ಅಕ್ಕ ಹದಿನಾಲ್ಕನೆಯ ನಂಬರಿನ ಬಟ್ಟೆಯನ್ನು ನೆನೆಸಿ, ಹಿಂಡಿ ತಂದಳು. ನಾನು ಪ್ಲಗ್ಗು ಒತ್ತಿದೆ. ಮೂರು ಹಲ್ಲು ಮೂರು ತೂತಿಗೆ ಒಂದು ಸದ್ದೂ ಇಲ್ಲದೆ ಇಳಿದವು. ಇಪ್ಪತ್ತೆರಡು ನಿಮಿಷಕ್ಕೆ ಬಟ್ಟೆ ಒಣಗಿತು. ಅಕ್ಕ ಅದನ್ನು ಕೂಸಿಗೆ ಸುತ್ತಿದಳು. ನಗಲು ನೋಡಿದಳು. ಅದನ್ನು ನಾನು ಎಣಿಕೆಗೆ ಸೇರಿಸಿಲ್ಲ. ನಾಲ್ಕನೆಯದು ಬೇರೆ ಯಾವಾಗಲೋ, ದೊಡ್ಡಪ್ಪ ಇನ್ನೂ ಇದ್ದಾಗ, ಲಾಟೀನಿನ ಗಾಜಿನ ವಿಷಯಕ್ಕೆ.

ಮೋಟಾರು ಹೋದ ಮೇಲೆ ಲೆಕ್ಕ ಬರೆಯಲು ಕೂತೆ. ಮೊದಲ ಡೈರಿ ಮುಗಿದಿತ್ತು, ಎರಡನೆಯದನ್ನು ತೆಗೆದೆ. ಅದೂ ಅದೇ ೧೯೩೮ನೆಯ ಇಸವಿಯದಲ್ಲವೇ! ಯಂತ್ರದಲ್ಲಿ ಒಣಗಿದ ಬಟ್ಟೆ: ಒಂದು. ದೊಡ್ಡಪ್ಪನ ಮೈಯಲ್ಲಿ, ದಿನಕ್ಕೆ ಎಂಟರಂತೆ ನಲವತ್ತು ದಿನ: ಮುನ್ನೂರ ಇಪ್ಪತ್ತು. ಬರೆಯಬೇಡ ಎಂದಿದ್ದರು. ಬರೆದೆ. ಆಮೇಲೆ ಪುಟದ ಮೇಲೆ ಅಚ್ಚಾದ ವಾರವನ್ನು ಎಂದಿನಂತೆ ಹೊಡೆದುಹಾಕಲು ಲೇಖನಿ ಇಟ್ಟೆ.

ಜನವರಿ ೧, ಶನಿವಾರ ಎಂದಿತ್ತು. ಅಂದು ಶನಿವಾರವೇ.

ಪುಟ ತಿರುಗಿಸಿದೆ. ಭಾನುವಾರ, ಸರಿ. ಸೋಮವಾರ, ಸರಿ. ಗೋಡೆಯ ಪಂಚಾಂಗ ಇಳಿಸಿ ತಂದು, ಒಂದೊಂದು ತಿಂಗಳನ್ನೂ ಡಿಸೆಂಬರಿನವರೆಗೆ ಹೋಲಿಸಿ ನೋಡಿದೆ. ಮುನ್ನೂರ ಅರವತ್ತೈದು ದಿನವೂ ಕೂಡಿದವು. ಹನ್ನೊಂದು ವರ್ಷ ಕಾದು ಕೂತಿದ್ದ ಡೈರಿಗೆ ಅದರ ವರ್ಷ ಬಂದಿತ್ತು. ದೊಡ್ಡಪ್ಪನಿಗೆ ಹೇಳೋಣವೆಂದು ಡೈರಿ ಹಿಡಿದುಕೊಂಡು ಜಗಲಿಗೆ ಓಡಿದೆ.

ಮಣೆ ಇತ್ತು. ಕಂಬಳಿ ಮಡಿಸಿ ಇಟ್ಟಿತ್ತು.